ಕಕ್ಕಿಯ ತವರಿಗೆ ಮಾಳಿಗೆ ಬಂದದ್ದು

ನಮ್ಮ ಕಾಕಾ ಕಂಪ್ಯೂಟರ್ ರಿಪೇರಿಗೆ ಕೂತರೆ ಕಂಪ್ಯೂಟರ್ ಒಂದನ್ನು ಬಿಟ್ಟು ಮನೆಯಲ್ಲಿ ಉಳಿದದ್ದೆಲ್ಲ ಸರಿಯಾಗುತ್ತದೆ! ನಗಬೇಡಿ, ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಪರದೆಯ ಮೇಲೆ ಗೆರೆ ಬಂತೆಂದು ಸ್ವಿಚ್ ಬೋರ್ಡು ಬಿಚ್ಚುತ್ತಾರೆ, ಎಷ್ಟೋ ದಿನದಿಂದ ಕಿಡಿ ಹಾರಿಸುತ್ತಿದ್ದ ಪ್ಲಗ್ಗು ನೆಟ್ಟಗಾಗುತ್ತದೆ. ಚಿತ್ರ ನಡುಗುತ್ತದೆಂದು ಟೇಬಲ್ಲಿನ ಕಾಲಿಗೆ ಕೈ ಹಾಕುತ್ತಾರೆ, ಟೇಬಲ್ಲು ಭದ್ರವಾಗುತ್ತದೆ. ಕಂಪ್ಯೂಟರಿನ ಡಬ್ಬಿ ಬಿಸಿಯಾಗುತ್ತದೆ, ಗಾಳಿ ಬೇಕು ಎಂದು ಕಿಟಕಿಗೆ ಎಣ್ಣೆ ಬಿಡುತ್ತಾರೆ, ಕಕ್ಕಿ ಮದುವೆಯಾಗಿ ಬಂದಾಗಿನಿಂದ ತೆರೆಯದ ಕಿಟಕಿ ಕಿರ್ರೆಂದು ತೆರೆದುಕೊಳ್ಳುತ್ತದೆ. ಕಂಪ್ಯೂಟರ್ ಮಾತ್ರ ಮೊದಲಿನ ಹಾಗೇ ನಡುಗುತ್ತಿರುತ್ತದೆ.

"ಇದು ಕೆಟ್ಟದ್ದ ಚಲೋ ಆತು ನೋಡವ್ವ. ಮನಿ ಒಂದ ದಂಡಿಗಿ ಹತ್ತಿತು" ಎನ್ನುತ್ತಾರೆ ಕಕ್ಕಿ.

ಕಾಕಾ ನಮ್ಮ ಅಪ್ಪನ ತಮ್ಮ, ಕಕ್ಕಿ ಅವರ ಹೆಂಡತಿ. ಇರುವುದು ಮುದ್ದೇಬಿಹಾಳದಲ್ಲಿ. ನಾನು ಮದುವೆಯಾಗಿ ಬಸವನ ಬಾಗೇವಾಡಿ ಸೇರಿದವಳು, ಅಲ್ಲೇ ಸಾಲಿಯಲ್ಲಿ ಟೀಚರು. ಅಪ್ಪ-ಅವ್ವ ಹೋದ ಮೇಲೆ ನನಗೆ ತವರೆಂದರೆ ಕಾಕಾ-ಕಕ್ಕಿಯ ಮನೆಯೇ. ಕಾಕಾ ನೌಕರಿಯಲ್ಲಿದ್ದಾಗ ಸರ್ವೇಯರ್ ಆಗಿದ್ದರು. ಕೃಷ್ಣೆಯ ಹಿನ್ನೀರು ಏರುವ ಮುಂಚೆ ಮುಳುಗಲಿರುವ ಊರುಗಳಿಗೆ ಹೋಗುವುದು, ಟೇಪು ಹಿಡಿದು ಒಂದೊಂದು ಮನೆಯನ್ನೂ ಅಳೆಯುವುದು, ಅಳೆದ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆಯುವುದು, ಇದೇ ಅವರ ಕೆಲಸ. ನಿವೃತ್ತಿಯಾಯಿತು, ಟೇಪನ್ನು ಆಫೀಸಿಗೆ ಒಪ್ಪಿಸಿ ಬಂದರು. ಬ್ರಷ್ಷು ಮಾತ್ರ ಕೈಬಿಡಲಿಲ್ಲ!

ಮನೆಯ ಫ್ರಿಜ್ಜು ನಾಲ್ಕನೆಯ ನಂಬರು. ಮಿಕ್ಸರ್ ಏಳು. ತುಳಸಿಕಟ್ಟೆಗೂ ನಂಬರ್ ಬೀಳುತ್ತಿತ್ತು, ಕಕ್ಕಿ ಬ್ರಷ್ಷು ಕಸಿದುಕೊಂಡದ್ದರಿಂದ ಉಳಿಯಿತು. ಮದುವೆಯ ಹೊಸದರಲ್ಲಿ ನನ್ನ ಗಂಡ ಬಿಳಿ ಅಂಗಿ ಹಾಕಿಕೊಂಡು ಅವರ ಮನೆಯ ಕುರ್ಚಿಯಲ್ಲಿ ಗತ್ತಿನಿಂದ ಒರಗಿ ಕೂತಿದ್ದರು. ಎದ್ದಾಗ ಬೆನ್ನ ಮೇಲೆ ಕೆಂಪಗೆ ಹನ್ನೊಂದು! ಕುರ್ಚಿಯ ಬಣ್ಣ ಇನ್ನೂ ಆರಿರಲಿಲ್ಲ. ಹೊಸ ಅಳಿಯ ಮುಖ ಸಣ್ಣದು ಮಾಡಿಕೊಂಡರೆ ಕಾಕಾ ಹಿಂದೆ ಬಂದು ನಿಂತು, ಕನ್ನಡಕ ಸರಿಮಾಡಿ, "ಇರಲಿ ಬಿಡ್ರಿ, ಹಿಂದ-ಮುಂದ ಆದ್ರೂ ಹನ್ನೊಂದು ಹನ್ನೊಂದ ಅಲ್ಲೇನು" ಎಂದು ಸಮಾಧಾನ ಹೇಳಿದ್ದರು.

ಇಂಥವರು ಈ ವಯಸ್ಸಿನಲ್ಲಿ ಕಂಪ್ಯೂಟರ್ ಕೊಂಡದ್ದು ಯಾತಕ್ಕೆ? ಮನೆ ಕಟ್ಟಲಿಕ್ಕೆ!

ಕಕ್ಕಿಯ ತವರೂರು ಹಿನ್ನೀರಿನಲ್ಲಿ ಮುಳುಗಿದೆ. ಆ ಮನೆಯ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ನಾನು ಪ್ರತಿವರ್ಷ ಕಾಕಾನ ಮನೆಗೆ ಹೋಗುತ್ತೇನೆ. ಹೋದ ಸಲದ ಪಂಚಮಿ ಮುಗಿಸಿ ಹೊರಟಾಗ ನನ್ನ ಡಬ್ಬಿಗೆ ಉಂಡಿ ತುಂಬುತ್ತ ಕಕ್ಕಿ, "ನಿನಗರ ಹೋಗಾಕ ಒಂದ ಮನಿ ಐತಿ ನೋಡವ್ವ" ಎಂದುಬಿಟ್ಟರು. ಅವರು ಹಾಗೆ ಮಾತಾಡುವವರೇ ಅಲ್ಲ. ಕಾಕಾ ಅಲ್ಲೇ ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಟ್ಟರು.

"ಮುಂದಿನ ಪಂಚಮಿಗೆ ನಿನ್ನ ತವರಮನಿಗೆ ಕರಕೊಂಡ ಹೋಗ್ತೇನಿ."

"ಯಾಕ್ರಿ, ನೀರಾಗ ಮುಳಗಿಸಾಕೇನು?"

ಕಾಕಾ ನಗಲಿಲ್ಲ. ಮರುವಾರವೇ ಕಂಪ್ಯೂಟರ್ ಬಂತು. ಮನೆಯ ನಕ್ಷೆ ಬರೆದು, ಗೋಡೆ ಎಬ್ಬಿಸಿ, ಒಳಗೆ ನಡೆದಾಡಿದಂತೆ ತೋರಿಸುವ ಒಂದು ಸಾಫ್ಟ್‌ವೇರನ್ನು ವಿಡಿಯೋ ನೋಡಿ ನೋಡಿ ತಾವೇ ಕಲಿತರು. ವಿಚಿತ್ರವೆಂದರೆ ಗೋಡೆಗಳ ಉದ್ದಗಲವನ್ನು ಅವರು ಯಾರನ್ನೂ ಕೇಳಲಿಲ್ಲ. ಒಲೆ ಎಲ್ಲಿತ್ತು, ಬೀಸುಕಲ್ಲು ಎಲ್ಲಿತ್ತು, ಎಮ್ಮೆ ಯಾವ ಕಡೆ ಮುಖ ಮಾಡಿ ನಿಲ್ಲುತ್ತಿತ್ತು, ಇಂಥವನ್ನಷ್ಟೇ ಕೇಳುತ್ತಿದ್ದರು. ಕಕ್ಕಿ ಅಂಗಳದಲ್ಲಿ ಕಣ್ಣು ಮುಚ್ಚಿ ನಡೆದು ತೋರಿಸುತ್ತಿದ್ದರು.

"ಒಲಿಯಿಂದ ಬೀಸುಕಲ್ಲಿಗೆ ನಾಕ ಹೆಜ್ಜಿ ನೋಡ್ರಿ."

"ಆಗ ನೀ ಸಣ್ಣಾಕಿ, ಹೆಜ್ಜಿನೂ ಸಣ್ಣವು. ಮೂರ ಹಿಡಿಯೂಣು."

"ನಾಕ ಅಂದ್ರ ನಾಕ! ನಡದಾಕಿ ನಾನೋ ನೀವೋ?"

ಕೊನೆಗೆ ಮೂರೂವರೆಗೆ ರಾಜಿಯಾಯಿತು.

ಮನೆ ಬೆಳೆದಂತೆಲ್ಲ ಕಂಪ್ಯೂಟರಿಗೆ ಅದನ್ನು ಹೊರುವುದು ಕಷ್ಟವಾಯಿತು. ಸಿಂದಗಿಯಿಂದ ಒಬ್ಬ ರಿಪೇರಿಯವರು ಬಂದು ಗ್ರಾಫಿಕ್ಸ್ ಕಾರ್ಡು ಕೂಡಿಸಿ ಹೋದರು. ಚಿತ್ರ ಬಿಡಿಸುವುದೊಂದೇ ಅದರ ಕೆಲಸವಂತೆ. ಅದು ಬಂದದ್ದೇ ತಡ, ಗೋಡೆ, ತೊಲೆ, ಮೇಲೆ ಹೊದಿಸಿದ ಮಣ್ಣಿನ ಮಾಳಿಗೆ ಎಲ್ಲ ಹೊಳೆಯತೊಡಗಿದವು. ಕಾಕಾ ಖುಷಿಯಿಂದ ಡಬ್ಬಿಯ ಹಿಂದಿನ ವಾಯರುಗಳಿಗೂ, ಆ ವಾಯರು ಸೇರುವ ತೂತುಗಳಿಗೂ ನಂಬರ್ ಬರೆದರು. ಒಂದರ ವಾಯರು ಒಂದಕ್ಕೆ, ಎರಡರದು ಎರಡಕ್ಕೆ, ಪರದೆಯದು ಮೂರಕ್ಕೆ. ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅದನ್ನೆಲ್ಲ ಬಿಚ್ಚಿ ಒರೆಸಿದರು. ಕಕ್ಕಿ ವಿಭೂತಿ ಬಳಿದು, ಕುಂಕುಮದ ಬೊಟ್ಟಿಟ್ಟು, ಚೆಂಡುಹೂವಿನ ಮಾಲೆ ಹಾಕಿದರು. ಹಬ್ಬ ಮುಗಿಸಿ ಕಾಕಾ ಮತ್ತೆ ವಾಯರು ಜೋಡಿಸಿದರು. ಅಲ್ಲಿಂದ ಸುರುವಾಯಿತು ನೋಡಿ!

ಒಂದು ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಕಾಕಾನ ಫೋನು.

"ಯವ್ವಾ, ಮಾಳಗಿ ಹಾರಿ ಹೋಗೈತಿ. ಪಡಸಾಲಿ ಗ್ವಾಡಿನೂ ಅಳಗ್ಯಾಡಾಕತ್ತೈತಿ. ಜಲ್ದಿ ಬಾ."

ನಾನು ಹೆಡ್‌ಮಾಸ್ತರರಿಗೆ ಹೇಳಿ, ಗಂಡನಿಗೆ ಹೇಳಿ, ಅಳುತ್ತಲೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಬಸ್ಸಿನ ಹೆಣ್ಣುಮಕ್ಕಳೆಲ್ಲ ಸಮಾಧಾನ ಹೇಳಿದರು. ಒಬ್ಬಾಕೆ ನಾಲ್ಕು ಬಾಳೆಹಣ್ಣು ಕೊಟ್ಟಳು. ಓಡೋಡಿ ಹೋಗಿ ನೋಡಿದರೆ ಮನೆ ಗುಂಡುಕಲ್ಲಿನಂತೆ ನಿಂತಿದೆ! ಕಾಕಾ ಪರದೆಯ ಮುಂದೆ ಚಹಾ ಕುಡಿಯುತ್ತಿದ್ದಾರೆ.

"ಮಾಳಗಿ ಹಾರೇತಿ ಅಂದ್ರಿ?"

"ಇಲ್ಲಿ ನೋಡು. ಐತೇನು ಮಾಳಗಿ?"

ಇರಲಿಲ್ಲ. ಪರದೆಯ ಮೇಲಿನ ಮನೆಗೆ ಮೇಲ್ಭಾಗವೇ ಇಲ್ಲ, ಗೋಡೆಗಳು ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿವೆ, ಎಮ್ಮೆ ಅರ್ಧ ಗೋಡೆಯೊಳಗೆ ಹೊಕ್ಕು ನಿಂತಿದೆ. ನನಗೆ ಸಿಟ್ಟು ಬರಬೇಕಿತ್ತು. ಆದರೆ ಕಾಕಾನ ಮುಖ ನೋಡಿದರೆ ನಿಜವಾದ ಮಾಳಿಗೆ ಹಾರಿದ್ದರೂ ಅವರು ಅಷ್ಟು ಸಂಕಟಪಡುತ್ತಿರಲಿಲ್ಲ ಅನ್ನಿಸಿತು. ಬಾಳೆಹಣ್ಣು ತಿನ್ನುತ್ತ ಪಕ್ಕದಲ್ಲಿ ಕೂತೆ.

ಆಮೇಲೆ ಡ್ರೈವರಿನ ಕಾಲ ಬಂತು. ಡ್ರೈವರ್ ಎಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ಮುಟ್ಟಿಸುವ ಸಾಫ್ಟ್‌ವೇರು. ಅದು ಹೊಂದದಿದ್ದರೆ ಚಿತ್ರ ಹೀಗೆಲ್ಲ ಕೆಡುತ್ತದಂತೆ. ಕಾಕಾ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರು, ಹೊಸದನ್ನು ತೆಗೆದು ಮತ್ತೆ ಹಳೆಯದನ್ನು ಹಾಕಿದರು. ಪ್ರತಿಯೊಂದಕ್ಕೂ ವಹಿಯಲ್ಲಿ ದಾಖಲೆ. "ಹಳೆಯ ಡ್ರೈವರ್: ಮಾಳಿಗೆ ಇಲ್ಲ. ಹೊಸ ಡ್ರೈವರ್: ಮಾಳಿಗೆ ಇಲ್ಲ, ಎಮ್ಮೆಯೂ ಇಲ್ಲ. ಷರಾ: ಎಮ್ಮೆಯ ದೃಷ್ಟಿಯಿಂದ ಹಳೆಯದೇ ಉತ್ತಮ." ಚಿತ್ರದ ಕೆಲಸವನ್ನು ಕಾರ್ಡಿಗೆ ವಹಿಸುವ ಹಾರ್ಡ್‌ವೇರ್ ಆಕ್ಸಲರೇಶನ್ ಎಂಬುದನ್ನು ಬಂದ್ ಮಾಡಿ ನೋಡಿದರು. ಆಗ ಮಾಳಿಗೆ ಬಂತು, ಆದರೆ ಬಾಗಿಲು ತೆರೆಯುವಷ್ಟರಲ್ಲಿ ಕಕ್ಕಿ ಒಂದು ಹೊತ್ತಿನ ರೊಟ್ಟಿ ಬಡಿದು ಮುಗಿಸುತ್ತಿದ್ದರು!

ಪ್ರತಿಸಲ ಸಾಫ್ಟ್‌ವೇರು ಕೆಟ್ಟು ನಿಂತಾಗ ಪರದೆಯ ಮೇಲೆ ಒಂದು ಚೌಕ ಮೂಡಿ, ತೊಂದರೆಯೇನೆಂದು ಬರೆದು ಕಳಿಸಿ ಎನ್ನುತ್ತಿತ್ತು. ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಬರೆದು ಕಳಿಸಿದ್ದೀರಾ? ಕಾಕಾ ಬರೆದರು. "ಮಾನ್ಯರೇ, ವಿಷಯ: ಮಾಳಿಗೆ ಕಾಣದಿರುವ ಬಗ್ಗೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ತಿಂಗಳಾದರೂ ಉತ್ತರವಿಲ್ಲ. ಜ್ಞಾಪನಾ ಪತ್ರ ಹೋಯಿತು, ಹಿಂದಿನ ಅರ್ಜಿಯ ಉಲ್ಲೇಖ ಸಮೇತ. "ಆಫೀಸು ಅಂದಮ್ಯಾಲ ತಡಾ ಆಗತೈತಿ. ನಾ ನೌಕರಿ ಮಾಡಿದಾವ, ನನಗ ಗೊತ್ತಿಲ್ಲೇನು?" ಎನ್ನುತ್ತಿದ್ದರು.

ಸಿಂದಗಿಯ ರಿಪೇರಿಯವರೂ ಎರಡು ಸಲ ಬಂದು ಹೋದರು. ಕಾರ್ಡು ತೆಗೆದು ಧೂಳು ಊದಿದರು, ಕೂಡಿಸಿದರು, ಡ್ರೈವರ್ ನೋಡಿದರು. ಕೊನೆಗೆ ಡಬ್ಬಿಯ ಹಿಂದೆ ಟಾರ್ಚು ಹಿಡಿದು, "ವಾಯರ್ ಎಲ್ಲಾ ಬರೋಬ್ಬರಿ ಅದಾವಲ್ರಿ?" ಎಂದು ಕೇಳಿದರು. ಕಾಕಾಗೆ ಅವಮಾನವಾಯಿತು.

"ನಂಬರ್ ನೋಡ್ರಿ! ಮೂರರ ವಾಯರ್ ಮೂರಕ್ಕ ಐತಿ. ಮೂವತ್ತ ವರ್ಷ ನಂಬರ್ ಬರದೇನಿ, ಒಂದ ತಪ್ಪಿಲ್ಲ."

ಅವರು ನೋಡಿದರು. ಮೂರು ಮೂರಕ್ಕೇ ಇತ್ತು. ಆ ಕೆಂಪು ಅಂಕಿಯ ಮುಂದೆ ಯಾರು ತಾನೇ ಏನು ಹೇಳಬೇಕು? ಇಂಡಿ ಊರಿನಲ್ಲಿ ಇನ್ನೊಂದು ರಿಪೇರಿ ಇದೆ ಎಂದು ಕೈತೊಳೆದುಕೊಂಡು ಹೊರಟರು.

ಹೀಗೆ ಪಂಚಮಿಗೆ ಎರಡು ದಿನ ಉಳಿಯಿತು. ನಾನು ಎಂದಿನಂತೆ ಮೊದಲೇ ಹೋಗಿದ್ದೆ. ಕಾಕಾ ಮಾತು ಕಡಿಮೆ ಮಾಡಿದ್ದರು. ವಹಿ ಮುಚ್ಚಿಟ್ಟಿದ್ದರು. "ಹೇಳಿ ತಪ್ಪಿದೆನಲ್ಲವ್ವ" ಎಂದರು ನನ್ನ ಹತ್ತಿರ. ಬರೀ ಅಷ್ಟೇ.

ಕಕ್ಕಿ ಹಬ್ಬಕ್ಕೆಂದು ಮನೆ ಧೂಳು ಹೊಡೆಯುತ್ತ ಬಂದವರು ಕಂಪ್ಯೂಟರಿನ ಡಬ್ಬಿಯನ್ನು ತಿರುಗಿಸಿದರು.

"ಏನ್ರೀ, ಹ್ವಾದ ಖಂಡೇಪೂಜಾಕ ನಾ ಇಟ್ಟ ಬೊಟ್ಟು ಇನ್ನೂ ಹಂಗ ಐತಲ್ರಿ!"

"ಎಲ್ಲಿ?"

"ಇಲ್ಲಿ, ಈ ಕೆಳಗಿನ ತೂತಿನ ಮ್ಯಾಲ. ವಾಯರ್ ಹಚ್ಚಿದ್ರ ಇಷ್ಟೊತ್ತಿಗಿ ಅಳಿಸಿ ಹೋಗಬೇಕಾಗಿತ್ತು. ಇದಕ್ಕ ಏನೂ ಹಚ್ಚೇ ಇಲ್ಲೇನು?"

ನಾನು ಬಗ್ಗಿ ನೋಡಿದೆ. ಬೊಟ್ಟು ಇದ್ದದ್ದು ಗ್ರಾಫಿಕ್ಸ್ ಕಾರ್ಡಿನ ತೂತಿನ ಮೇಲೆ. ಪರದೆಯ ವಾಯರು ಇದ್ದದ್ದು ಅದಕ್ಕಿಂತ ಮೇಲೆ, ಕಾರ್ಡಿಗೆ ಸಂಬಂಧವೇ ಇಲ್ಲದ, ಅಂಥದೇ ಇನ್ನೊಂದು ತೂತಿನಲ್ಲಿ. ಅದರ ಪಕ್ಕ ದೊಡ್ಡದಾಗಿ, ಕೆಂಪಗೆ, ಮೂರು!

"ಕಾಕಾ, ಇದೇನ್ರಿ?"

ಕಾಕಾ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು.

"ನಿಮ್ಮ ಕಕ್ಕಿ ಬೊಟ್ಟ ಇಟ್ಟಿದ್ದಳು. ಪೂಜಾ ಮಾಡಿದ ಜಾಗಾಕ ವಾಯರ್ ತುರಕೂದು ಮನಸಿಗಿ ಬರಲಿಲ್ಲ. ಮ್ಯಾಲ ಅಂಥಾದ್ದ ಇನ್ನೊಂದಿತ್ತು. ಅದಕ್ಕ ಹಚ್ಚಿ, ಕೆಳಗಿನ ನಂಬರ್ ಅಳಿಸಿ ಮ್ಯಾಲ ಬರದೆ."

ಅಂದರೆ ಹತ್ತು ತಿಂಗಳಿಂದ ಕಾರ್ಡು ಬೊಟ್ಟು ಇಡಿಸಿಕೊಂಡು ಆರಾಮಾಗಿ ಕೂತಿತ್ತು, ಇವರು ಅದಕ್ಕೆ ಡ್ರೈವರ್ ಮೇಲೆ ಡ್ರೈವರ್ ಹಾಕುತ್ತಿದ್ದರು! ಕಕ್ಕಿ ನಗುತ್ತ ನಗುತ್ತ ನೆಲಕ್ಕೇ ಕೂತರು. ಆಮೇಲೆ ಆ ಕುಂಕುಮವನ್ನು ಬೆರಳಿನಿಂದ ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡು, "ಈಗ ತುರುಕ್ರಿ" ಎಂದರು.

ಮಾಳಿಗೆ ಬಂತು. ಗೋಡೆ ನಿಂತವು. ಎಮ್ಮೆ ಗೋಡೆಯಿಂದ ಹೊರಗೆ ಬಂತು.

ಪಂಚಮಿಯ ದಿನ ಕಕ್ಕಿ ಇಳಕಲ್ ಸೀರೆ ಉಟ್ಟು, ಉಂಡಿಯ ಡಬ್ಬಿ ಹಿಡಿದು ಬಂದರು. ನಾನು ನಕ್ಕದ್ದಕ್ಕೆ, "ಊರಿಗಿ ಹೋಗಬೇಕಾದ್ರ ಬರೇ ಕೈಲೆ ಹೆಂಗ ಹೋಗೂದವ್ವ?" ಎಂದು ಡಬ್ಬಿಯನ್ನು ಕೀಬೋರ್ಡಿನ ಪಕ್ಕ ಇಟ್ಟು ಕೂತರು. ಕಾಕಾ ಮೌಸ್ ಹಿಡಿದರು. ಅಂಗಳದ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು. ಬಾಗಿಲು ತೆರೆಯಿತು.

"ತಲಿ ಬಗ್ಗಸು, ಬಾಗಲಾ ಗಿಡ್ಡ ಐತಿ" ಎಂದರು ಕಾಕಾ. ಕಕ್ಕಿ ಕುರ್ಚಿಯಲ್ಲಿ ಕೂತೇ ತಲೆ ಬಗ್ಗಿಸಿದರು!

ಒಳಗೆ ಒಲೆ, ಬೀಸುಕಲ್ಲು, ನಡುವೆ ಮೂರೂವರೆ ಹೆಜ್ಜೆ. ಕಕ್ಕಿ ಒಂದೊಂದನ್ನೂ ನೋಡಿದರು. ಆಮೇಲೆ, "ಹೊರಗ ಬರ್ರಿ ಒಂದ್ಸಲ" ಎಂದರು. ಕಾಕಾ ಅಂಗಳಕ್ಕೆ ಬಂದು ಮನೆಯ ಮುಂಭಾಗಕ್ಕೆ ತಿರುಗಿಸಿದರು.

"ಬಾಗಲದ ಬಾಜೂಕ ನಂಬರ್ ಎಲ್ಲೈತ್ರಿ? ಅವತ್ತ ನೀವ ಬರದಿದ್ರಿ. ನಮ್ಮಪ್ಪ ಬಣ್ಣದ ಡಬ್ಬಿ ಹಿಡಕೊಂಡು ನಿಂತಿದ್ದ."

ಆ ಊರಿನ ಅಳತೆಗೆ ಹೋದವರಲ್ಲಿ ಕಾಕಾನೂ ಒಬ್ಬರೆಂದು ನನಗೆ ಗೊತ್ತಿತ್ತು. ಸ್ವಂತ ಮಾವನ ಮನೆಯನ್ನು ಅಳೆದು, ಆ ಗೋಡೆಗೆ ನಂಬರ್ ಹಾಕಿದವರೂ ಅವರೇ ಎಂದು ಅವತ್ತೇ ತಿಳಿಯಿತು. ಗೋಡೆಗಳ ಅಳತೆಯನ್ನು ಅವರು ಯಾರನ್ನೂ ಕೇಳದೆ ಇದ್ದದ್ದೇಕೆ ಎಂಬುದೂ ತಿಳಿಯಿತು. ಇಷ್ಟು ವರ್ಷ ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಬದುಕಿದ್ದರು.

ಮಿಕ್ಸರಿಗೆ, ಕುರ್ಚಿಗೆ, ವಾಯರಿಗೆ, ಎಲ್ಲದಕ್ಕೂ ನಂಬರ್ ಬರೆದ ನಮ್ಮ ಕಾಕಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಈ ಮನಿಗಿ ನಂಬರ್ ಹಾಕೂದಿಲ್ಲ."

ಕಕ್ಕಿ ಡಬ್ಬಿ ತೆಗೆದು ಒಂದು ಉಂಡಿಯನ್ನು ಕಾಕಾನ ಅಂಗೈಯಲ್ಲಿಟ್ಟು, "ತಗೋರಿ. ನಮ್ಮ ಮನಿತನಕ ಬಂದೀರಿ, ಹಂಗ ಹೋಗಬ್ಯಾಡ್ರಿ" ಎಂದರು. ಕಾಕಾ ಉಂಡಿ ಹಿಡಿದುಕೊಂಡೇ ಅತ್ತುಬಿಟ್ಟರು.