ಅತ್ತೆಯ ಮಂಚದ ಕೆಳಗಿನ ಸೈಡರ್

ಸಾಮಾನ್ಯ ಮನುಷ್ಯ ಹಣ್ಣನ್ನು ತಿನ್ನುತ್ತಾನೆ. ಮಹಾಪುರುಷ ಅದನ್ನು ಹುದುಗಿಸುತ್ತಾನೆ! ಈ ಪರಮಸತ್ಯ ನನಗೆ ಹೊಳೆದದ್ದು ಒಂದು ಬುಟ್ಟಿ ಕಲೆಬಿದ್ದ ಸೇಬಿನ ಮುಂದೆ ಕೂತಿದ್ದಾಗ.

ನನ್ನದು ಕನ್ನಡಕದ ಅಂಗಡಿ. ಹಣ್ಣಿನ ವ್ಯಾಪಾರಿಯೊಬ್ಬ ಹೊಸ ಕನ್ನಡಕ ಮಾಡಿಸಿಕೊಂಡು ಹೋದ. ಅದರಲ್ಲಿ ಅವನಿಗೆ ಮೊದಲು ಕಂಡದ್ದು ಅವನದೇ ಸೇಬಿನ ಮೇಲಿನ ಕಲೆಗಳು. "ಇಷ್ಟು ದಿನ ಇವನ್ನೇ ಮಾರ್ತಿದ್ನಾ ಸ್ವಾಮಿ!" ಎಂದು ಹೌಹಾರಿ, ಬುಟ್ಟಿ ಸಮೇತ ತಂದು ನನ್ನ ತಲೆಗೆ ಕಟ್ಟಿ ಹೋದ.

"ಇದರಲ್ಲಿ ಸೈಡರ್ ಮಾಡ್ತೀನಿ," ಎಂದು ಮನೆಯಲ್ಲಿ ಘೋಷಿಸಿದೆ.

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಗಿರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರುವವಳು. ಮನೆಗೆ ಬಂದ ಮೇಲೂ ಆ ಕಾಲು ತೆಗೆಯುವುದಿಲ್ಲ.

"ಸೈಡರ್ ಅಂದ್ರೆ?"

"ಸೇಬಿನ ರಸ ಕಣೇ. ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಬಿಟ್ರೆ ಆಯ್ತು. ಅದರ ಪಾಡಿಗೆ ಅದು ಹುಳಿ ಬಂದು, ನೊರೆ ಬಂದು..."

"ನಿಮಗೆ ಮೊಸರಿಗೆ ಹೆಪ್ಪು ಹಾಕೋಕೇ ಬರಲ್ಲ."

"ಅದು ಅಡುಗೆ. ಇದು ವಿಜ್ಞಾನ!"

"ಹಾಗಿದ್ರೆ ನನ್ನ ಅಡುಗೆಮನೇಲಿ ಬೇಡ."

ಬ್ರೇಕ್!

ಅಡುಗೆಮನೆ ಇಲ್ಲದಿದ್ದರೇನು, ಬಚ್ಚಲುಮನೆ ಇಲ್ಲವೇ? ಅವಳು ಕೆಲಸಕ್ಕೆ ಹೋದಾಗ ಸೇಬು ತುರಿದೆ. ದಿಂಬಿನ ಕವರಿಗೆ ತುಂಬಿ ಹಿಂಡಿದೆ. ಬಕೆಟ್ಟಿಗೆ ಯೀಸ್ಟ್ ಸುರಿದು ಮುಚ್ಚಿಟ್ಟೆ. ಕೆಲವೇ ದಿನಗಳಲ್ಲಿ ರಸ ಬುಳುಬುಳು ಎನ್ನತೊಡಗಿತು. ಯೀಸ್ಟಿನ ಪೊಟ್ಟಣದ ಮೇಲೆ "ಗುಳ್ಳೆ ಪೂರ್ತಿ ನಿಂತ ಮೇಲೆ ಬಾಟಲಿಗೆ ತುಂಬಿ" ಎಂದಿತ್ತು. ಎಂಥ ಅರಸಿಕರು! ಗುಳ್ಳೆಯೇ ಹೋದ ಮೇಲೆ ಅದು ಸೈಡರ್ ಹೇಗಾದೀತು? ಗುಳ್ಳೆಗಳು ಕುಣಿಯುತ್ತಿರುವಾಗಲೇ ಗಾಜಿನ ಬಾಟಲಿಗಳಿಗೆ ತುಂಬಿ, ಮೇಲೊಂದೊಂದು ಚಮಚ ಸಕ್ಕರೆ ಸುರಿದು, ಉಸಿರೂ ಆಡದಂತೆ ಮುಚ್ಚಳ ಬಿಗಿದೆ. ಹಳೇ ರಗ್ಗಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಯಾರೂ ಬಳಸದ ಹಿಂದಿನ ಕೋಣೆಯ ಮಂಚದ ಕೆಳಗೆ ತಳ್ಳಿದೆ.

ಮಾರನೇ ದಿನವೇ ಆ ಕೋಣೆಗೆ ಅತ್ತೆ ಬಂದಿಳಿದರು.

ಅತ್ತೆಗೆ ಮೊಣಕಾಲು ನೋವು. ನಮ್ಮ ಮೇಲಿನ ಮಹಡಿಯಲ್ಲೇ ಮೂಳೆ ಡಾಕ್ಟರಿದ್ದಾರೆ, ತೋರಿಸೋಣ ಎಂದು ಹೆಂಡತಿಯೇ ಕರೆಸಿಕೊಂಡಿದ್ದಳು. ಅತ್ತೆ ದೊಡ್ಡ ಜೀವ. ದನಿ ದೊಡ್ಡದು, ನಗು ದೊಡ್ಡದು, ದೇಹವೂ ಅವುಗಳಿಗೆ ಒಪ್ಪುವಂಥದ್ದು. ನಾನು ಪೆಟ್ಟಿಗೆ ಎತ್ತಿಕೊಳ್ಳೋಣವೆಂದು ಬಾಗಿಲಲ್ಲಿ ಇಣುಕಿದಾಗಲೆಲ್ಲ ಅವರು ಮಂಚದ ಮೇಲೆ ಕಾಲು ನೀಡಿಕೊಂಡಿರುತ್ತಿದ್ದರು.

"ಏನು ಅಳಿಯಂದ್ರೇ?"

"ಏನಿಲ್ಲ ಅತ್ತೆ. ಸುಮ್ಮನೆ ನಿಮ್ಮನ್ನ ನೋಡಿಕೊಂಡು ಹೋಗೋಣ ಅಂತ."

ಮದುವೆಯಾದಾಗಿನಿಂದ ಇಲ್ಲದ ಈ ಪ್ರೀತಿಗೆ ಅತ್ತೆ ಕಣ್ಣೊರೆಸಿಕೊಂಡರು.

ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಹೆಂಡತಿ ಹೊರಗೆ ಹೋಗಿದ್ದಾಗ, ಹಿಂದಿನ ಕೋಣೆಯಲ್ಲಿ "ಢಂ!" ಎಂದಿತು. ಓಡಿದೆ. ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಏನತ್ತೆ ಸದ್ದು?" ಎಂದೆ, ಏನೂ ಅರಿಯದ ಹಸುಗೂಸಿನಂತೆ.

"ಸದ್ದಾ? ಅದು... ನನ್ನ ಮೊಣಕಾಲು. ಕೂತ್ಕೋವಾಗ ಒಮ್ಮೊಮ್ಮೆ ಲಟಕ್ ಅನ್ನುತ್ತೆ."

ಲಟಕ್ಕೇ? ಫಿರಂಗಿ! ಆದರೆ ತಾನಾಗಿ ಕಾಲಿಗೆ ಬಂದದ್ದನ್ನು ತಳ್ಳುವಷ್ಟು ದಡ್ಡ ನಾನಲ್ಲ.

"ಹೌದು ಹೌದು, ವಯಸ್ಸಾದ ಮೇಲೆ ಮೊಣಕಾಲು ಸ್ವಲ್ಪ ಮಾತಾಡುತ್ತೆ," ಎಂದೆ.

"ಅವಳಿಗೆ ಹೇಳಬೇಡಿ."

"ಛೆ ಛೆ! ನಾನ್ಯಾಕೆ ಹೇಳಲಿ?"

ನಮ್ಮಿಬ್ಬರ ನಡುವೆ ಇಷ್ಟು ಒಮ್ಮತ ಮೂಡಿದ್ದು ಅದೇ ಮೊದಲು. ಒಡೆದ ಬಾಟಲಿಯ ರಸವನ್ನೆಲ್ಲ ರಗ್ಗು ಕುಡಿದುಬಿಟ್ಟಿತ್ತು. ವಾಸನೆ ಮಾತ್ರ ಉಳಿಯಿತು.

ಅಂದಿನಿಂದ ಅತ್ತೆ ಬದಲಾದರು. ಊಟಕ್ಕೆ ಕರೆದರೆ "ಹಸಿವಿಲ್ಲ" ಎಂದರು. ತಿಂಡಿಗೆ ಕರೆದರೆ "ಬರೀ ಚಹಾ ಸಾಕು" ಎಂದರು. ಮಂಚದ ಮೇಲೆ ಕೂರುವಾಗ, ಮಲಗಿರುವ ಮಗುವಿನ ಪಕ್ಕ ಕೂತಂತೆ, ಅಂಚಿನಲ್ಲಿ ಮೆಲ್ಲಗೆ ಕೂತರು. ಊರವರ ದೃಷ್ಟಿ ಅಳೆಯುವ ನನ್ನ ಕಣ್ಣಿಗೆ ಇದೊಂದೂ ಬೀಳಲಿಲ್ಲ. ನನ್ನ ಕಣ್ಣೆಲ್ಲ ಮಂಚದ ಕೆಳಗಿತ್ತು.

ಎರಡನೆಯದು ಸಿಡಿದಾಗ ಹೆಂಡತಿ ಅಲ್ಲೇ ಇದ್ದಳು. ಕೈಯಲ್ಲಿದ್ದ ಚಹಾ ನೆಲಕ್ಕೆ ಚೆಲ್ಲಿತು.

"ಅಮ್ಮಾ! ಏನದು?"

"ಮೊಣಕಾಲು," ಎಂದರು ಅತ್ತೆ.

"ಮೊಣಕಾಲು," ಎಂದೆ ನಾನು.

"ಕಾಲು ಅವಳದ್ದು. ನಿಮಗೆ ಹೇಗ್ರೀ ಗೊತ್ತು?" ಅವಳು ಮೂಗರಳಿಸಿದಳು. "ಏನಿದು ಹುಳಿ ವಾಸನೆ?"

"ಹೊಸ ಫಿನೈಲು."

"ಫಿನೈಲೋ ಮತ್ತೊಂದೋ, ಆಮೇಲೆ ನೋಡ್ತೀನಿ. ಮೊದಲು ಹೋಗಿ ಡಾಕ್ಟರನ್ನ ಕರ್ಕೊಂಡು ಬನ್ನಿ!"

ಡಾಕ್ಟರು ಕಡ್ಡಿಯಂಥ ಮನುಷ್ಯ. ನಕ್ಕಿದ್ದನ್ನು ಕಂಡವರಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಎಲ್ಲ ಕೇಳಿಸಿಕೊಂಡರು.

"ಪಕ್ಕದ ಕೋಣೆಗೆ ಕೇಳೋಷ್ಟು ಸದ್ದು ಅಂದ್ರೆ ಒಳಗೆ ಏನೋ ಮುರಿದಿರಬೇಕು. ಆಪರೇಷನ್ನೇ ಆಗಬಹುದು."

ಅತ್ತೆ ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ. ಈಗ ಬಾಯಿ ಬಿಡಬೇಕು ಎಂದು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಡಾಕ್ಟರು ಅತ್ತೆಯ ಕಾಲು ಹಿಡಿದು, "ಎಲ್ಲಿ, ಮೆಲ್ಲಗೆ ಮಡಿಸಿ ನೋಡೋಣ," ಎಂದರು.

ಢಂ! ಢಂ! ಢಮಾರ್!

ಡಾಕ್ಟರು ಕಾಲನ್ನು ಅಲ್ಲೇ ಬಿಟ್ಟು ಬೀರುವಿಗೆ ಬೆನ್ನು ಹಚ್ಚಿ ನಿಂತರು.

"ಎಷ್ಟೋ ಮೊಣಕಾಲು ನೋಡಿದ್ದೀನಿ," ಎಂದರು ಏದುಸಿರು ಬಿಡುತ್ತ, "ಸಾಲಾಗಿ ಸಿಡಿಯೋದನ್ನ ನೋಡಿರಲಿಲ್ಲ!"

"ಡಾಕ್ಟ್ರೇ, ನೀರೇನಾದ್ರೂ ತುಂಬಿಕೊಂಡಿದೆಯಾ?" ಹೆಂಡತಿ ಕೇಳಿದಳು.

"ತುಂಬೋದೇನು, ಹರೀತಾ ಇದೆ!"

ಮಂಚದ ಕೆಳಗಿನಿಂದ ನೊರೆನೊರೆಯಾದ ಹಳದಿ ಹೊಳೆಯೊಂದು ಹೊರಟು, ಡಾಕ್ಟರ ಬೂಟನ್ನು ತೊಳೆದು, ನನ್ನ ಕಡೆಗೇ ತಿರುಗಿತು.

ಅತ್ತೆ ಅಳತೊಡಗಿದರು.

"ಮೊಣಕಾಲಲ್ಲ ಕಣೇ, ಮಂಚ! ನನ್ನ ಭಾರಕ್ಕೆ ನಿಮ್ಮ ಮಂಚ ಮುರೀತಾ ಇದೆ. ಹೋದ ವರ್ಷ ನೆಂಟರ ಮನೇಲಿ ಕುರ್ಚಿ ಮುರಿದು ಬಿದ್ದಾಗ ಎಲ್ಲ ಎಷ್ಟು ನಕ್ಕರು ಗೊತ್ತಾ? ಇಲ್ಲೂ ಹಾಗಾಗೋದು ಬೇಡ ಅಂತ ಸುಳ್ಳು ಹೇಳಿದೆ. ಊಟಾನೂ ಬಿಟ್ಟೆ."

ನಗುವ ಸಂಗತಿಯಲ್ಲ ಎಂದು ನನಗೂ ಗೊತ್ತಾಯಿತು. ಹೆಂಡತಿ ಮೊಣಕಾಲೂರಿ ಒದ್ದೆ ಪೆಟ್ಟಿಗೆಯನ್ನು ಹೊರಗೆಳೆದಳು.

"ಇದೇನು?"

"ಸೈಡರ್."

"ಯಾರು ಮಾಡಿದ್ದು?"

"ಅದರ ಪಾಡಿಗೆ ಅದೇ..."

"ಹಾಲಿನಂಥ ಸಂಸಾರಕ್ಕೆ ಹುಳಿ ಹಿಂಡೋರನ್ನ ಕೇಳಿದ್ದೆ. ಹಿಂಡಿ, ಬಾಟಲಿಗೆ ತುಂಬಿ, ಹೆತ್ತವಳ ಹಾಸಿಗೆ ಕೆಳಗೆ ಇಡೋರನ್ನ ಇವತ್ತೇ ನೋಡಿದ್ದು! ನನ್ನಮ್ಮ ಹೊಟ್ಟೆಗಿಲ್ಲದೆ ಒಣಗ್ತಿದ್ದಾಳೆ, ನೀವು ಮೊಣಕಾಲು ಅಂತ ತಾಳ ಹಾಕ್ತಿದ್ದೀರಾ?"

"ತಪ್ಪಾಯ್ತು ಅತ್ತೆ," ಎಂದೆ. ಅದಕ್ಕಿಂತ ದೊಡ್ಡ ಮಾತು ನನ್ನ ಬಳಿ ಇರಲಿಲ್ಲ.

ಅತ್ತೆಗೆ ನನ್ನ ಕ್ಷಮಾಪಣೆ ಬೇಕಿರಲಿಲ್ಲ. "ಹಾಗಾದ್ರೆ ಮಂಚ ಮುರಿದಿಲ್ವಾ?" ಎಂದರು. ಎದ್ದು ನಿಂತು, ಧೊಪ್ಪನೆ ಕೂತು ನೋಡಿದರು. ಮತ್ತೊಮ್ಮೆ ಕೂತರು. ಮಂಚ ಕಿಂಚಿತ್ತೂ ಕದಲಲಿಲ್ಲ.

"ಗಟ್ಟಿ ಇದೆ ಕಣೇ! ಅಡುಗೆ ಏನು ಮಾಡಿದ್ದೀಯ?"

ಅಂದು ಅತ್ತೆ ಬಿಟ್ಟ ಊಟಗಳನ್ನೆಲ್ಲ ಒಟ್ಟಿಗೆ ಮುಗಿಸಿದರು. ಡಾಕ್ಟರನ್ನೂ ಬಿಡದೆ ಕೂರಿಸಿಕೊಂಡರು. ಊಟವಾದ ಮೇಲೆ, ಪೆಟ್ಟಿಗೆಯಲ್ಲಿ ಸಿಡಿಯದೆ ಉಳಿದಿದ್ದ ಏಕೈಕ ವೀರನನ್ನು ನಾನು ದಪ್ಪ ಟವೆಲಿನಲ್ಲಿ ಸುತ್ತಿ ಬಾಲ್ಕನಿಗೆ ಒಯ್ದೆ. ಮುಚ್ಚಳ ತೆಗೆದೊಡನೆ ಅರ್ಧ ಸೈಡರ್ ಆಕಾಶಕ್ಕೆ ಹಾರಿತು. ಮಿಕ್ಕಿದ್ದನ್ನು ಲೋಟಗಳಿಗೆ ಹಂಚಿದೆ. ಏನೇ ಆಗಲಿ, ಕಲಾವಿದನಿಗೆ ಒಂದು ಮೆಚ್ಚುಗೆಯ ಮಾತಾದರೂ ಬೇಡವೇ?

ಹೆಂಡತಿ ಒಂದು ಗುಟುಕು ಕುಡಿದು, ಒಂದು ಕಣ್ಣು ಮುಚ್ಚಿ, ಲೋಟವನ್ನು ಗಿಡದ ಕುಂಡಕ್ಕೆ ಬಗ್ಗಿಸಿದಳು. ಡಾಕ್ಟರು ಬಾಯೊಳಗಿದ್ದುದನ್ನು ನುಂಗಲೂ ಆಗದೆ, ಉಗುಳಲು ಮರ್ಯಾದೆ ಅಡ್ಡ ಬಂದು, ಕೆನ್ನೆಯುಬ್ಬಿಸಿ ಕೂತರು. ಅತ್ತೆ ಮಾತ್ರ ಮೂಸಿ ನೋಡಿ, "ಅಳಿಯಂದ್ರೇ, ಉಳಿದಿದ್ದನ್ನೂ ಇಲ್ಲೇ ಹಾಕಿ," ಎಂದು ಲೋಟ ಚಾಚಿದರು.

ನನ್ನೆದೆ ಉಬ್ಬಿತು! ಬಾಟಲಿಯನ್ನೇ ಬಗ್ಗಿಸಿದೆ.

ಅತ್ತೆ ಅಂಗೈಗೆ ಸುರಿದುಕೊಂಡು ಮೊಣಕಾಲಿಗೆ ಚೆನ್ನಾಗಿ ಉಜ್ಜಿಕೊಂಡರು.

"ಹಾ! ತಂಪಾಗಿದೆ. ಡಾಕ್ಟ್ರೇ, ದಿನಾ ಹಚ್ಚಬಹುದಾ?"

ಡಾಕ್ಟರು ಹೇಗೋ ನುಂಗಿ ನೀರು ಕುಡಿದರು. ಆಮೇಲೆ, ಜೀವಮಾನದಲ್ಲಿ ಮೊದಲ ಬಾರಿ ಎಂಬಂತೆ, ನಕ್ಕರು.

"ಧಾರಾಳವಾಗಿ ಹಚ್ಚಿ ಅಮ್ಮ. ಆದ್ರೆ ಮನೆಯವರಿಗೆಲ್ಲ ಹೇಳಿಬಿಡಿ, ಹೊರಗೆ ಹಚ್ಚೋಕೆ ಮಾತ್ರ!"