ಎದುರಿಗೆ ಯಾರಿದ್ದ?

ಗೆದ್ದು ಜಂಬ ಪಡುವವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಸೋತು ಜಂಬ ಪಡುವವರನ್ನು ಕಂಡಿದ್ದೀರಾ? ನಾನು ಕಂಡಿದ್ದು ನಮ್ಮ ಸೋದರಮಾವನೊಬ್ಬರನ್ನೇ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಈ ಮಹಾನುಭಾವರು ಜೀವಮಾನದಲ್ಲಿ ಕುಸ್ತಿ ಆಡಿದ್ದು ಒಂದೇ ಒಂದು ಸಲ. ಬಿದ್ದದ್ದೂ ಆಗಲೇ. ಆ ಬಿದ್ದ ಕಥೆಯನ್ನು ಅವರು ಕಂಡಕಂಡವರನ್ನೆಲ್ಲ ನಿಲ್ಲಿಸಿಕೊಂಡು ಹೇಳುತ್ತಿದ್ದರು.

ಕಥೆಯೇನೂ ಉದ್ದವಿಲ್ಲ. ಪ್ರಾಯದಲ್ಲಿ ಮಾವನಿಗೆ ಗರಡಿಮನೆಯ ಹುಚ್ಚು. ಹರಿಹರದ ಹೊಳೆದಂಡೆಯ ಕಣದಲ್ಲಿ ಒಂದು ಸಂಜೆ ಅವರೆದುರು ನಿಂತವನು ಇನ್ನೂ ಮೀಸೆ ಚಿಗುರುತ್ತಿದ್ದ ಅದೇ ಊರಿನ ಹುಡುಗ. ನೋಡಲು ಕೂತವರು ಎಲೆಗೆ ಸುಣ್ಣ ಸವರಿ ಬಾಯಿಗಿಡುವಷ್ಟರಲ್ಲಿ ಮಾವ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ತೀರ್ಪು ಹೇಳುವ ಪಂಚರು ಮೊಣಕಾಲೂರಿ ಬಗ್ಗಿ ನೋಡಿದರು. ಬೆನ್ನು ಪೂರಾ ಮಣ್ಣಿಗೆ ಹತ್ತಿತ್ತು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು, ಅದಕ್ಕೆ ಮೇಲಿನ ಕೋರ್ಟಿಲ್ಲ. ಜೊತೆಗೆ ಬಲಭುಜದ ಮೂಳೆಯೂ ಮುರಿದಿತ್ತು. ನಾಟಿ ವೈದ್ಯನ ಕಟ್ಟು ಸರಿಯಾಗಿ ಕೂಡದೆ, ಆ ಕೈ ಮುಂದೆ ಎಂದೂ ಹೆಗಲಿಗಿಂತ ಮೇಲೆ ಏಳಲಿಲ್ಲ.

ಬೇರೆ ಯಾರೇ ಆಗಿದ್ದರೂ ಈ ಸುದ್ದಿಯನ್ನು ಅಲ್ಲಿಗೇ ಮುಚ್ಚಿಹಾಕುತ್ತಿದ್ದರು. ಮಾವನ ಅದೃಷ್ಟ ನೋಡಿ, ಆ ಹುಡುಗ ಬೆಳೆಯುತ್ತಲೇ ಹೋದ! ಬೆಳಗಾವಿಯವರನ್ನು ಕೆಡವಿದ, ಕೊಲ್ಲಾಪುರದಿಂದ ಬಂದವರನ್ನು ಕೆಡವಿದ, ಸುತ್ತಲಿನ ಸೀಮೆಗೆಲ್ಲ 'ಹರಿಹರದ ಪೈಲ್ವಾನ್' ಎನಿಸಿಕೊಂಡ. ಅವನು ದೊಡ್ಡವನಾದಷ್ಟೂ ಮಾವ ಬಿದ್ದದ್ದೂ ದೊಡ್ಡದಾಗುತ್ತಾ ಹೋಯಿತು. ಅವನ ಪ್ರತಿ ಗೆಲುವಿಗೂ ಮಾವ ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹಂಚುತ್ತಿದ್ದರು.

"ನಿಮ್ಮ ಕೈ ಮುರಿದೋನು ಗೆದ್ರೆ ನಿಮಗೇನು ಬಂತ್ರಿ?" ಎಂದು ಅತ್ತೆ ಕೇಳುತ್ತಿದ್ದರು.

"ಸಣ್ಣೋನ ಕೈಯಾಗೆ ಮುರಿದಿದ್ರೆ ಇದು ಬರೇ ಮುರಿದ ಕೈ ಆಗ್ತಿತ್ತು."

"ಈಗೇನಾಗೈತೆ?"

"ಈಗ ಪೈಲ್ವಾನ್ ಮುರಿದ ಕೈ."

ಕುಸ್ತಿ ನೋಡುವ ಹಳಬರ ಲೆಕ್ಕವೇ ಅದು. ಯಾರು ಗೆದ್ದ ಎಂದು ಕೇಳುವವನು ಹೊಸಬ, ಎದುರಿಗೆ ಯಾರಿದ್ದ ಎಂದು ಕೇಳುವವನು ಬಲ್ಲವ. ಕೆಡವಿದವರ ಹೆಸರು ಹೇಳಲಾಗದ ಪೈಲ್ವಾನ್ ಗೆಲುವಿನ ರುಮಾಲು ಎಷ್ಟು ಸುತ್ತಿಸಿಕೊಂಡರೂ ಅವರ ಕಣ್ಣಿಗೆ ತೌಡಿನ ಚೀಲ ಎತ್ತಿ ಒಗೆದವನೇ. ಮಾವ ಈ ಲೆಕ್ಕವನ್ನು ಕಣದಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ನಮಗೆಲ್ಲ ನೆಮ್ಮದಿಯಿತ್ತು. ಬಿಡಬೇಕಲ್ಲ! ನಾನು ಮೆಟ್ರಿಕ್ ಪಾಸಾಗಿ ಪೇಡೆ ತೆಗೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಮಾತು:

"ಎಷ್ಟು ಮಂದಿ ಫೇಲಾದ್ರು?"

"ನಮ್ಮ ಕ್ಲಾಸಿನಾಗೆ ಎಲ್ಲಾರೂ ಪಾಸ್, ಮಾವ."

ಮಾವ ಪೇಡೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದರು. "ತೌಡಿನ ಚೀಲ ಒಗೆದೀಯ ಬಿಡು. ಪೇಡೆ ಚಲೋ ಐತೆ."

ಸತ್ತವರನ್ನಾದರೂ ಬಿಟ್ಟರೇ? ನಮ್ಮ ಓಣಿಯ ಕಾಳಿನ ವ್ಯಾಪಾರಿ ತೀರಿಕೊಂಡಾಗ ಹೆಣದ ಪಕ್ಕ ಕೂತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು, "ಏನಾಗಿತ್ತಪ್ಪ?" ಎಂದು ಕೇಳಿದರು.

"ಬರೇ ನೆಗಡಿ ಜ್ವರ ರೀ."

"ಪ್ಲೇಗಿನಾಗೆ ಉಳಕಂಡ ಮನುಷ್ಯ. ಹೋಗಿ ಹೋಗಿ ಎಂಥಾ ಸಣ್ಣೋನ ಕೈಗೆ ಬಿದ್ದುಬಿಟ್ರಲ್ಲಪ್ಪ."

ಅತ್ತೆ ಧೋತರದ ಚುಂಗು ಹಿಡಿದು ಹೊರಗೆಳೆದುಕೊಂಡು ಬಂದರು. ಆ ಮನೆಯವರು ಮತ್ತೆ ಮಾವನ ಭಟ್ಟಿಯ ಮಂಡಕ್ಕಿ ಮುಟ್ಟಲಿಲ್ಲ.

ನಾವೆಲ್ಲ ನಗುತ್ತಿದ್ದೆವು. ನಗು ನಿಂತದ್ದು ಪೈಲ್ವಾನನಿಗೆ ವಯಸ್ಸಾದ ಮೇಲೆ. ಊರಿಗೆ ಟೂರಿಂಗ್ ಟಾಕೀಸು ಬಂದು ಕುಸ್ತಿಗೆ ಜನ ಕಡಿಮೆಯಾಗಿದ್ದ ಕಾಲ. ದಾವಣಗೆರೆಯಲ್ಲೇ, ಮಾವನ ಕಣ್ಣೆದುರೇ, ಬಾತಿಯಿಂದ ಬಂದ ಒಬ್ಬ ಹುಡುಗ ಪೈಲ್ವಾನನನ್ನು ಕೆಡವಿಬಿಟ್ಟ. ಈ ಹುಡುಗ ಯಾರನ್ನು ಬೀಳಿಸಿ ಬಂದವನು ಎಂದು ಮಾವ ಅಕ್ಕಪಕ್ಕದಲ್ಲಿ ವಿಚಾರಿಸಿದರು. ಯಾರನ್ನೂ ಇಲ್ಲ, ಅವನ ಮೊದಲ ಕುಸ್ತಿಯೇ ಅದು. ಮರುದಿನ ಮಾವ ಭಟ್ಟಿ ಹೊತ್ತಿಸಲಿಲ್ಲ.

ಹೋಟೆಲಿನಲ್ಲಿ ಕೂತ ಹಳೆಯ ಗೆಳೆಯರು ಬಿಟ್ಟಾರೆಯೆ? "ನಿಮ್ಮನ್ನ ಬೀಳಿಸಿದೋನ್ನ ಬಾತಿ ಹುಡುಗ ಬೀಳಿಸಿದ. ಹಂಗಾರೆ ನೀವು ಈಗ ಎಲ್ಲಿಗೆ ನಿಂತ್ರಿ?" ಎಂದು ಒಬ್ಬರು ಕೇಳಿದರು. ಮಾವ ಅರ್ಧ ಚಹಾ ಬಿಟ್ಟು ಎದ್ದು ಬಂದರು. ಮುರಿದ ಕೈಯನ್ನು ಶರಟಿನೊಳಗೆ ಮುಚ್ಚಿಟ್ಟುಕೊಂಡದ್ದನ್ನು ನಾನು ನೋಡಿದ್ದು ಆ ದಿನವೇ.

ಆಮೇಲೆ ಗುತ್ತೂರಿನವರು ಕೆಡವಿದರು, ಕೊಂಡಜ್ಜಿಯವರು ಕೆಡವಿದರು. ಹೆಸರು ಮಾಡಬೇಕೆನ್ನುವ ಹುಡುಗರಿಗೆಲ್ಲ ಎದುರಿಗೆ ಒಂದು ದೊಡ್ಡ ಹೆಸರು ಬೇಕಿತ್ತು. ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದ ಪೈಲ್ವಾನ್ ಕರೆದಲ್ಲೆಲ್ಲ ಹೋಗಿ ಬೀಳುತ್ತಿದ್ದ. ಕೊನೆಗೆ ಕಣಕ್ಕೆ ಬರುವುದೇ ನಿಂತಿತು. ಎದೆಯ ಕಾಯಿಲೆ, ಹಾಸಿಗೆ ಹಿಡಿದಿದ್ದಾನೆ ಎಂಬ ಸುದ್ದಿ ಬಂದಾಗ ಮಾವ ನನ್ನನ್ನೂ ಕರೆದುಕೊಂಡು ಹರಿಹರದ ರೈಲು ಹತ್ತಿದರು.

ಹೊಳೆಯ ಕಡೆಯ ಒಂದೇ ಕೋಣೆಯ ಮನೆ. ಚಾಪೆಯ ಮೇಲೆ ಮಲಗಿದ್ದ ಮನುಷ್ಯನಲ್ಲಿ ಪೈಲ್ವಾನನದೆಂದು ಹೇಳಬಹುದಾದದ್ದು ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಮುದುಡಿದ ಕಿವಿಗಳು ಮಾತ್ರ. ಮಾವ ಹತ್ತಿರ ಕೂತು, "ನಾನು ನಿಮ್ಮ ಕೈಯಾಗೆ ಬಿದ್ದೋನು. ಇಲ್ಲೇ, ಹೊಳೆದಂಡ್ಯಾಗೆ" ಎಂದರು.

ಪೈಲ್ವಾನ್ ಬಹಳ ಹೊತ್ತು ನೋಡಿದ. "ನೆನಪಿಲ್ಲ ರೀ. ಭಾಳ ಮಂದಿ ಬಿದ್ದಾರೆ. ನನ್ನ ಬೀಳಿಸಿದೋರ ಹೆಸರು ಕೇಳ್ರಿ, ಒಬ್ರನ್ನೂ ಮರ್ತಿಲ್ಲ."

ಇಷ್ಟು ವರ್ಷ ಮಾವ ಹೊತ್ತು ತಿರುಗಿದ್ದು ಇವನು ಮರೆತೇಬಿಟ್ಟಿದ್ದ ಒಂದು ಸಂಜೆಯನ್ನು! ನನಗೆ ಮಾವನ ಮುಖ ನೋಡಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಪೈಲ್ವಾನನೇ, "ಸ್ವಲ್ಪ ಎಬ್ಬಿಸಿ ಕೂಡ್ರಿಸ್ತೀರೇನ್ರಿ? ಯಾರಾದ್ರೂ ಬಂದಾಗ ಹಿಂಗೆ ಬೆನ್ನ ಮೇಲೆ ಬಿದ್ಕಂಡಿರಾಕೆ ನಾಚಿಕೆ ಆಗ್ತೈತೆ" ಎಂದ.

ಮಾವ ಎಡಗೈಯನ್ನು ಅವನ ಬೆನ್ನಿಗೆ ಕೊಟ್ಟು ಎತ್ತಿ ಕೂರಿಸಿದರು. ಮುಂದಿನ ವಾರ ಹೋಗುವಾಗ ಮಂಡಕ್ಕಿಯ ಒಂದು ಚೀಲ ಹೊತ್ತು ತಂದು ಅವನ ಬೆನ್ನಿಗೆ ಆನಿಸಿದರು. ಅವನ ಬೆನ್ನಿಗೆ ಅದಕ್ಕಿಂತ ಗಟ್ಟಿಯಾದದ್ದು ಆಗ ತಡೆಯುತ್ತಲೂ ಇರಲಿಲ್ಲ. "ನಿಮ್ಮ ಕೈ ಮುರಿದೋನಿಗೆ ನಾನು ತುಪ್ಪ ಬೇರೆ ಕಾಯಿಸಬೇಕಾ?" ಎನ್ನುತ್ತಲೇ ಅತ್ತೆ ಪ್ರತಿ ವಾರವೂ ತುಪ್ಪ ಕಾಯಿಸಿ ಕೊಟ್ಟರು.

ಹೋದಾಗಲೆಲ್ಲ ಮಾವ ಅವನ ಗೆಲುವುಗಳನ್ನು ಅವನಿಗೇ ಹೇಳುತ್ತಿದ್ದರು. ಕೊಲ್ಲಾಪುರದವನ ತೊಡೆ ಎಷ್ಟು ದಪ್ಪವಿತ್ತು, ಬೆಳಗಾವಿಯವನು ಹೇಗೆ ಅತ್ತ. ನಡುವೆ ತಮ್ಮ ಕುಸ್ತಿಯನ್ನೂ ಸೇರಿಸುತ್ತಿದ್ದರು. ಅದು ವಾರದಿಂದ ವಾರಕ್ಕೆ ಉದ್ದವಾಗುತ್ತಾ ಹೋಗಿ, ಕೊನೆಕೊನೆಗೆ ಹೊತ್ತು ಮುಳುಗುವವರೆಗೂ ನಡೆಯತೊಡಗಿತು. ಪೈಲ್ವಾನ್ ಚೀಲಕ್ಕೆ ಒರಗಿ ಕೇಳುತ್ತಿದ್ದ. ಒಂದು ದಿನ, "ಹೌದ್ರಿ, ಈಗ ನೆನಪಾತು. ನೀವು ಭಾಳ ಸತಾಯಿಸಿದ್ರಿ ನನ್ನ" ಎಂದ.

ಅದು ಸುಳ್ಳೆಂದು ಮಾವನಿಗೂ ಗೊತ್ತು, ನನಗೂ ಗೊತ್ತು.

ಬೇಸಿಗೆಯಲ್ಲಿ ಪೈಲ್ವಾನ್ ತೀರಿಕೊಂಡ. ಸಾವಿನ ಮನೆಯಲ್ಲಿ ಮಾವ ಎದುರಿಗೆ ಯಾರಿದ್ದ ಎಂಬ ತಮ್ಮ ಪ್ರಶ್ನೆ ಕೇಳಿಬಿಟ್ಟಾರೆಂದು ನಾನು ಹೆದರಿಕೊಂಡೇ ಇದ್ದೆ. ಅವರು ಬಾಯಿ ಬಿಡಲಿಲ್ಲ. ಪೈಲ್ವಾನನೂ ನಮ್ಮ ಜನವೇ; ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಪದ್ಧತಿ. ಕುಣಿಯೊಳಗಿನ ಗೂಡಿನಲ್ಲಿ ಅವನನ್ನು ಕೂರಿಸಿ, ವಿಭೂತಿ ಇಟ್ಟು, ಬಿಲ್ವಪತ್ರೆ ಹಾಕಿದರು. ಇನ್ನೇನು ಮಣ್ಣೆಳೆಯಬೇಕು, ಆಗ ಮಾವ "ತಡೀರಿ" ಎಂದರು.

ಎಂದವರೇ ಕುಣಿಗೆ ಇಳಿದರು. ಮೊಣಕಾಲೂರಿ, ತಲೆ ಓರೆ ಮಾಡಿ, ಕಣದಲ್ಲಿ ಪಂಚರು ನೋಡುವ ಹಾಗೆ ಅವನ ಬೆನ್ನ ಹಿಂದೆ ಬಗ್ಗಿ ನೋಡಿದರು. ಬೆನ್ನು ಗೂಡಿನ ಗೋಡೆಗೆ ಒರಗಿತ್ತು. ಮಾವ ಹೆಗಲ ಮೇಲಿನ ಟವೆಲ್ ತೆಗೆದು ನಾಲ್ಕು ಮಡಿಕೆ ಮಾಡಿ, ಬೆನ್ನಿಗೂ ಮಣ್ಣಿಗೂ ನಡುವೆ ಇಟ್ಟರು. ಇದೇನ್ರಿ ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಮೇಲೆ ಬರಲು ಆಗದೆ ಎಡಗೈ ಚಾಚಿದರು. ನಾನು ಹಿಡಿದು ಎಳೆದುಕೊಂಡೆ. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಟವೆಲ್ ಇರಲಿಲ್ಲ.

"ಎದುರಿಗೆ ಯಾರಿದ್ದ ಗೊತ್ತೈತಲ್ಲ ನಿಂಗೆ?" ಎಂದು ಕೇಳಿದರು.

"ಗೊತ್ತೈತೆ, ಮಾವ."

"ಬೆನ್ನು ಹತ್ತಿಲ್ಲ. ನಾನೇ ಬಗ್ಗಿ ನೋಡೀನಿ."