ಉರ್ದು ಅಕ್ಷರದಾಗ ಬರಕೊಂಡ ಬೀಸುಕಲ್ಲಿನ ಹಾಡು

ಮನೆಯಲ್ಲಿ ಒಂದು ಭಾಷೆ, ಸಾಲಿಯಲ್ಲಿ ಇನ್ನೊಂದು ಭಾಷೆ ಇದ್ದ ಕಾಲದಲ್ಲಿ ಮಾಸ್ತರನಾದವನು ನಗೆಪಾಟಲಾಗದೆ ಉಳಿಯುವುದು ಕಷ್ಟ. ನನಗಂತೂ ನೌಕರಿ ಸೇರಿದ ದಿನದಿಂದ ಇಂಥ ಪ್ರಸಂಗಗಳು ಬೆನ್ನು ಬಿಡಲೇ ಇಲ್ಲ. ಆಗ ಬಹಳ ನಕ್ಕೆವು. ಈಗಲೂ ನೆನೆಸಿದರೆ ನಗು ಬರುತ್ತದೆ, ಅದರ ಹಿಂದೆಯೇ ಎದೆಯಲ್ಲಿ ಏನೋ ಚುಚ್ಚುತ್ತದೆ.

ಹುಲಿ ದಾಟಿದ ಅಣ್ಣ

ನಿಜಾಮರ ಕಾಲ. ನಾನು ಭಾಲ್ಕಿಯ ಒಂದು ಉರ್ದು ಸಾಲಿಯಲ್ಲಿ ಮಾಸ್ತರ, ಮನೆ ಭಾತಂಬ್ರಾದಲ್ಲಿ. ಆಡುವುದು ಕನ್ನಡ, ಆದರೆ ಕಲಿತ ಅಕ್ಷರ ಉರ್ದು ಒಂದೇ. ಪಕ್ಕದ ಮನೆಯ ಮುದುಕಿಯನ್ನು ನಾವೆಲ್ಲ ‘ಆಯಿ’ ಎನ್ನುತ್ತಿದ್ದೆವು. ಆಕೆ ಜೋಳ ಬೀಸುತ್ತಾ ಹಾಡುತ್ತಿದ್ದಳು. ನನಗೋ ಹಾಡು, ಕಥೆಗಳ ಹುಚ್ಚು. ಆಕೆಯ ಹಾಡುಗಳನ್ನು ಒಂದು ನೋಟುಬುಕ್ಕಿನಲ್ಲಿ ಉರ್ದು ಅಕ್ಷರದಲ್ಲೇ ಬರೆದುಕೊಳ್ಳತೊಡಗಿದೆ.

ಉರ್ದುವಿನಲ್ಲಿ ‘ಳ’ ಇಲ್ಲ, ‘ಲ’ ಎಂದೇ ಬರೆಯಬೇಕು. ಅವಸರದಲ್ಲಿ ಬರೆದರೆ ಅ, ಇ, ಉ, ಒ ಎಲ್ಲಾ ನುಂಗಿಹೋಗುತ್ತವೆ, ಓದುವವನೇ ಊಹಿಸಿಕೊಳ್ಳಬೇಕು. ‘ಹೊಳಿ ದಾಟಿ ಬಂದಾನ ಅಣ್ಣ, ಹಳ್ಳಿ ನೆನಪ ತಂದಾನ’ ಎಂದು ಆಕೆ ಹಾಡಿದ್ದಳು. ತಿಂಗಳು ಬಿಟ್ಟು ಆಕೆಯ ಮುಂದೆಯೇ ಠೀವಿಯಿಂದ ಓದಿದೆ: “ಹುಲಿ ದಾಟಿ ಬಂದಾನ ಅಣ್ಣ, ಹಲ್ಲಿ ನೆನಪ ತಂದಾನ.”

ಆಯಿ ಬೀಸುವುದನ್ನು ನಿಲ್ಲಿಸಿದಳು. “ಹಲ್ಲಿ ಇರ್ಲಿ ಬಿಡಪಾ, ನಮ್ಮ ತವರಮನಿ ತುಂಬ ಹಲ್ಲಿನೇ ಇದ್ದವು. ಆದ್ರ ನಮ್ಮಣ್ಣ ಹುಲಿ ಹ್ಯಾಂಗ ದಾಟ್ಯಾನೋ? ಬೆಕ್ಕ ಅಡ್ಡ ಬಂದ್ರ ಮನಿಗಿ ವಾಪಸ್ ಓಡಿ ಬರ್ತಿದ್ದ!”

ಅರ್ಧ ಸೇರು ಜೋಳ

ಆಯಿಗೆ ಬಿಡುವಿದ್ದಾಗ ಕೂಡಿಸಿಕೊಂಡು ನಿಧಾನವಾಗಿ ಬರೆದುಕೊಂಡರೆ ಇಂಥ ತಪ್ಪಾಗದು ಅನಿಸಿತು. ಒಂದು ಮಧ್ಯಾಹ್ನ ಹೋಗಿ, “ಆಯಿ, ಸುಮ್ನ ಕುಂತ ಹಾಡ್ರಿ” ಎಂದೆ. ಆಕೆ ಬಾಯಿ ತೆರೆದಳು, ಮುಚ್ಚಿದಳು. “ಬರವಲ್ದೋ. ಕೈ ತಿರುಗಿದ್ರ ಬಾಯಿ ತಿರುಗ್ತದ” ಎಂದಳು.

ಓಡಿಹೋಗಿ ಮನೆಯಿಂದ ಅರ್ಧ ಸೇರು ಜೋಳ ತಂದೆ. ಆಕೆಗೆ ಅಂದು ತೋಳು ನೋವು. “ನಾನ ಬೀಸ್ತೀನಿ ತಗೋರಿ” ಎಂದು ಗೂಟ ಹಿಡಿದೆ. ಅಂಗೈಯಲ್ಲಿ ಬೊಬ್ಬೆ ಬಂತು, ಜೋಳ ಮುಗಿಯುತ್ತಾ ಬಂತು, ಹಾಡು ಮಾತ್ರ ಬರಲಿಲ್ಲ.

“ಆಯಿ, ಹಾಡ್ರಿ ಮತ್ತ!”

“ನಾ ಯಾಕ ಹಾಡ್ಲಿ? ಬೀಸಾಂವ ಹಾಡಬೇಕು.”

ಮರುದಿನ ಹೋಗಬಹುದಿತ್ತು, ಅದರ ಮರುದಿನವೂ ಹೋಗಬಹುದಿತ್ತು. ಆಯಿ ಎಲ್ಲಿ ಹೋಗುತ್ತಾಳೆ ಎಂದುಕೊಂಡು ಸುಮ್ಮನಾದೆ. ಹಿಟ್ಟನ್ನು ಮನೆಗೆ ಒಯ್ದಾಗ ನನ್ನ ಹೆಂಡತಿ ಬೆರಳಿಂದ ಮುಟ್ಟಿ ನೋಡಿ, “ಇದೇನರಿ, ರೊಟ್ಟಿ ಮಾಡ್ಲೋ, ನುಚ್ಚು ಕುದಿಸ್ಲೋ?” ಎಂದಳು.

ಬಲಗಡೆಯಿಂದ ಕನ್ನಡ

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. ಸಾಲಿಗಳು ಕೆಲವು ವಾರ ಮುಚ್ಚಿದವು. ಆ ವಾರಗಳಲ್ಲಿ ನಡೆದದ್ದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾಲಿ ತೆರೆದಾಗ ನನಗೆ ಔರಾದಿಗೆ ವರ್ಗವಾಗಿತ್ತು, ಕನ್ನಡ ಮಾಸ್ತರನಾಗಿ! ಮನೆಮಾತು ಕನ್ನಡವಲ್ಲವೇ, ಅಷ್ಟೇ ಅರ್ಹತೆ.

ಅಲ್ಲಿನ ಹೆಡ್‌ಮಾಸ್ತರರು ವಯಸ್ಸಾದ ಮುಸಲ್ಮಾನರು. ಅವರಿಗೂ ಕನ್ನಡ ಅಕ್ಷರ ಬಾರದು. ಇಬ್ಬರೂ ಒಂದೇ ಬಾಲಬೋಧೆ ತರಿಸಿಕೊಂಡು ಕಲಿಯಲು ಕೂತೆವು. ಅವರು ಒಂದೊಂದೇ ಅಕ್ಷರ ತಿದ್ದುವಾಗ ನಾನು ನಗುತ್ತಿದ್ದೆ: “ಸಾಹೇಬ್ರ, ಇದು ನಮ್ಮ ತಾಯಿಭಾಷಾ. ನಮಗ ತಾನಾ ಬರ್ತದ.”

ತಾನಾಗಿ ಬಂದಿತು, ಆದರೆ ಬಲಗಡೆಯಿಂದ ಬಂದಿತು. ಉರ್ದು ಬರೆದ ಕೈ ನನ್ನದು. ಬೋರ್ಡಿನ ಬಲತುದಿಗೆ ‘ಕ’, ಅದರ ಎಡಕ್ಕೆ ‘ಮ’, ಅದರ ಎಡಕ್ಕೆ ‘ಲ’. ಮಕ್ಕಳೂ ಉರ್ದು ಕಲಿತವರೇ, ಬಲದಿಂದಲೇ ಓದುತ್ತಿದ್ದರು. ಹೀಗಾಗಿ ಸಾಲಿಯಲ್ಲಿ ಯಾರಿಗೂ ಏನೂ ತೊಂದರೆ ಇರಲಿಲ್ಲ.

ಒಂದು ದಿನ ಬೀದರದಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಬೋರ್ಡು ನೋಡಿ ಒಂದೊಂದೇ ಶಬ್ದ ಓದಿದರು: “ಲಮಕ... ರಗನ... ನವಭ... ಇದ್ಯಾವ ದೇಶದ ಭಾಷಾರೀ? ಯಾರ ಬರ್ದದ್ದು ಇದು?”

ಬರೆದವನು ನಾನೇ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಎದ್ದು ನಿಂತರು. “ಗಲತಿ ನಂದದ ಸಾಬ್. ನಾನೇ ಬರ್ದೀನಿ. ಈಗೀಗ ಕಲೀಲಿಕತ್ತೀನಿ.”

ಇನ್‌ಸ್ಪೆಕ್ಟರರು ಮಕ್ಕಳ ಮುಂದೆಯೇ ಅವರನ್ನು ಬೈದರು. ನಾನು ತುಟಿ ಬಿಚ್ಚಲಿಲ್ಲ. ಆಮೇಲೆ ಯಾಕೆ ಹಾಗೆ ಹೇಳಿದಿರೆಂದು ಕೇಳಿದಾಗ, “ನಂದು ಹ್ಯಾಂಗೂ ಮುಗೀಲಿಕ ಬಂದದ. ನಿಮ್ದು ಈಗ ಶುರು ಅದ” ಎಂದರಷ್ಟೇ.

ತಿಂಗಳೊಳಗೆ ಅವರನ್ನು ಕೆಲಸದಿಂದ ಬಿಡಿಸಿದ ಹುಕುಂ ಬಂತು. ಹೆಂಡತಿ ಮಕ್ಕಳೊಂದಿಗೆ ಹೈದರಾಬಾದಿಗೆ ಹೊರಟರು. ಕ್ಷಮೆ ಕೇಳಬೇಕೆಂದೇ ಮೋಟಾರು ನಿಲ್ಲುವಲ್ಲಿಗೆ ಹೋದೆ. ಅವರ ಗಂಟು ಎತ್ತಿ ಮೋಟಾರಿಗೆ ಇಟ್ಟೆ, ಅಷ್ಟೇ. ಅವರೇ ಕೈಚೀಲದಿಂದ ತಮ್ಮ ಕನ್ನಡ ಕಾಪಿ ತೆಗೆದು ಕೊಟ್ಟರು. ಮೊದಲ ಪುಟದಿಂದ ಕೊನೆಯವರೆಗೂ ಮುತ್ತಿನಂಥ ಅಕ್ಷರ, ಎಲ್ಲಾ ಎಡದಿಂದ ಬಲಕ್ಕೆ.

“ಇಟ್ಕೊಳ್ರಿ ಮಾಸ್ತರ್” ಎಂದರು, “ಹುಡುಗರಿಗಿ ಕಲಸ್ಲಿಕ್ಕ ನಿಮಗ ಬೇಕಾಗ್ತದ.”

ಗಿಡ್ಡ ಹೆಸರು

ಕೆಲವು ವರ್ಷ ಕಳೆದವು. ಕನ್ನಡ ಕೈಗೆ ಕೂತಿತು, ನೌಕರಿ ಕಾಯಂ ಆಯಿತು. ಹಳೆಯ ನೋಟುಬುಕ್ಕನ್ನು ಕನ್ನಡಕ್ಕೆ ಇಳಿಸೋಣವೆಂದು ಕೂತರೆ, ಅರ್ಧಕ್ಕರ್ಧ ನನಗೇ ತಿಳಿಯದು. ನೋಟುಬುಕ್ಕು ಹಿಡಿದು ಭಾತಂಬ್ರಾಕ್ಕೆ ಹೋದೆ.

ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಆಯಿಯ ಬೀಸುಕಲ್ಲು ಬಚ್ಚಲಲ್ಲಿ ಕಾಲು ತೊಳೆಯುವ ಕಲ್ಲಾಗಿತ್ತು. ಆಯಿ ಕಟ್ಟೆಯ ಮೇಲೆ ಮುದ್ದೆಯಾಗಿ ಕೂತಿದ್ದಳು. ಒಂದೊಂದು ಸಾಲು ಓದಿ, “ಮುಂದ ಏನ್ರಿ ಆಯಿ?” ಎಂದು ಕೇಳಿದೆ. ಆಕೆ ಕೈಯನ್ನು ಗಾಳಿಯಲ್ಲಿ ಸುಮ್ಮನೆ ತಿರುಗಿಸಿ ನೋಡಿಕೊಂಡಳು. “ಇಲ್ಲೋ ಮಗಾ. ಗಿರಣಿ ಬಂದ ಮ್ಯಾಲ ಬಾಯಿ ಬಂದ್ ಆಯ್ತು. ನೀ ತಡಾ ಮಾಡಿ ಬಂದಿ.”

ನೋಟುಬುಕ್ಕು ಮುಚ್ಚಿದೆ.

“ಅದರಾಗ ನನ್ನ ಹೆಸರ ಎಲ್ಲದ?” ಎಂದು ಕೇಳಿದಳು.

ಹೆಸರು ಬರೆದಿರಲಿಲ್ಲ. ಬರೆಯಲು ನನಗೆ ಗೊತ್ತೂ ಇರಲಿಲ್ಲ. ತಲೆ ತಗ್ಗಿಸಿ, “ನಿಮ್ಮ ಹೆಸರ ಏನ್ರಿ ಆಯಿ?” ಎಂದೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ಕಿಸಕ್ಕನೆ ನಕ್ಕಳು. ಆಯಿ ಮಾತ್ರ ಬಹಳ ಹೊತ್ತು ಯೋಚಿಸಿದಳು. “ತವರಾಗ ನಾಗಮ್ಮ ಅಂತಿದ್ರು. ಲಗ್ನದಾಗ ಗಂಗಾಬಾಯಿ ಅಂತ ಇಟ್ರು. ಇಟ್ಟವರೂ ಕರೀಲಿಲ್ಲ. ಎಲ್ಲರೂ ಏ, ಓ ಅಂದ್ರು, ಆಮ್ಯಾಲ ಆಯಿ ಅಂದ್ರು. ನಾಗಮ್ಮ ಅಂತ ಬರಿ.”

ಮೊದಲ ಪುಟದ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು ಆಕೆಯ ಕೈಗೆ ಕೊಟ್ಟೆ. ಓದಲು ಬಾರದ ಆಯಿ ಅದನ್ನು ಕಣ್ಣಿನ ಹತ್ತಿರ ತಂದು, ಬೆರಳಿಂದ ಈ ತುದಿಯಿಂದ ಆ ತುದಿಗೆ ಸವರಿದಳು. ಮೂರೇ ಅಕ್ಷರ, ಬೆರಳು ಬೇಗ ಕೊನೆಗೆ ಬಂತು. ಮುಖ ಸಣ್ಣದಾಯಿತು.

“ಆಯ್ತೇನು? ಇಷ್ಟಽ ಏನೋ ನಾನು?” ಎಂದು ನೋಟುಬುಕ್ಕು ನನ್ನ ಕಡೆ ನೂಕಿದಳು. “ಮಾಸ್ತರ ಆಗೀದಿ, ಸರ್ಕಾರದ ಪಗಾರ ತಗೋತಿ. ಇನ್ನೊಂದ ಗೇಣ ಉದ್ದ ಮಾಡಿ ಬರಿಯೋ!”